ಗೆದ್ದ ಮೇಲಿನ ಶಾಸ್ತ್ರ

ಇವತ್ತು ಇದ್ದದ್ದನ್ನು ಇದ್ದ ಹಾಗೆಯೇ ಹೇಳಬೇಕು, ಸಾಸಿವೆಯಷ್ಟೂ ಸೇರಿಸಬಾರದು ಎಂದು ವಿಜಯಶ್ರೀ ಮಧ್ಯಾಹ್ನ ರೊಟ್ಟಿ ತಿನ್ನುವಾಗಲೇ ತೀರ್ಮಾನ ಮಾಡಿದ್ದಳು. ಆ ತೀರ್ಮಾನ ನೀರು ಕುಡಿಯುವ ಹೊತ್ತಿಗೆ ಸ್ವಲ್ಪ ಸಡಿಲಾಗಿ, ಕೈ ತೊಳೆಯುವಾಗ ಮತ್ತೆ ಬಿಗಿಯಾಗಿ, ಈಗ ಸಂಜೆ ಐದಕ್ಕೆ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತು ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸುವಾಗ ಎಲ್ಲಿ ಬಿದ್ದುಹೋಯಿತೆಂದೇ ತಿಳಿಯದಾಗಿತ್ತು. ಹೋದ ವಾರವಷ್ಟೇ ಮೂಡಲಗಿಯಲ್ಲಿ, ಅವಳು ದಿನಾ ಬಸ್ಸು ಹಿಡಿದು ಹೋಗಿ ಕಾರಕೂನಿಕೆ ಮಾಡುವ ಸಾಲೆಯಲ್ಲಿ, ಹೆಡ್ಮಾಸ್ತರರು ಎಲ್ಲರೆದುರಿಗೆ ಅವಳು ಬರೆದ ಕ್ರೀಡಾಕೂಟದ ವರದಿಯನ್ನು ಎತ್ತಿ ಹಿಡಿದು ಓದಿದ್ದರು. ಉದ್ದಜಿಗಿತದ ಹುಡುಗಿ ಗಾಳಿಯಲ್ಲಿ ಒಂದು ಕ್ಷಣ ನಿಂತು, ಸುತ್ತಲೂ ನೋಡಿ, ಆಮೇಲೆ ಕೆಳಗಿಳಿದಳು ಎಂದು ಅದರಲ್ಲಿತ್ತು. "ಎಷ್ಟೊತ್ತು ನೋಡಿದ್ಲ್ರಿ ಮೇಡಂ? ಅದನ್ನೂ ಬರದಬಿಡ್ರಿ, ಮ್ಯಾಲಿನವರಿಗೆ ಕಳಸೂಣು" ಎಂದು ಅವರು ಕೇಳಿದಾಗ ಸ್ಟಾಫ್ ರೂಮಿನ ಫ್ಯಾನು ಕೂಡ ನಕ್ಕಂತಾಗಿತ್ತು. ಹುಡುಗಿ ನಿಂತು ನೋಡಿದ್ದು ಖರೆ. ವಿಜಯಶ್ರೀ ಕಣ್ಣಾರೆ ಕಂಡಿದ್ದಳು. ಆದರೆ ಹಾಗೆ ಕಂಡದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂಬುದು ಅವಳಿಗೆ ಇಪ್ಪತ್ತನಾಲ್ಕು ವರ್ಷವಾದರೂ ಹೊಳೆದಿರಲಿಲ್ಲ.

ಅವಳ ಬೆನ್ನ ಹಿಂದೆ, ಪೇರಲ ಗಿಡದ ಕೆಳಗೆ, ಪಕ್ಕದ ಮನೆಯ ರಶೀದಾಬಿ ಆ ಕಡೆ ಮುಖ ಮಾಡಿ ಕೌದಿ ಹೊಲಿಯುತ್ತ ಕೂತಿದ್ದಳು. ಇಬ್ಬರ ಬೆನ್ನುಗಳು ಒಂದನ್ನೊಂದು ನೋಡುತ್ತಿದ್ದವು. ಪೂರ್ವದ ಯಾವುದೋ ದೊಡ್ಡ ಊರಿನಲ್ಲಿ ದೇಶದ ಫುಟ್‌ಬಾಲ್ ಕಪ್ಪಿನ ಫೈನಲ್ ಶುರುವಾಗಿತ್ತು. ಆ ಊರಿನ ಹೊಳೆಯ ಈ ದಂಡೆಯದೊಂದು ಕ್ಲಬ್ಬು, ಆ ದಂಡೆಯದೊಂದು. ಇವರದು ಹಸಿರಂಗಿ, ಅವರದು ಹಳದಿಯಂಗಿ. ತೊಂಬತ್ತು ವರ್ಷದಿಂದ ಬೀಗರ ಹಾಗೆ ಜಗಳ. ಹಸಿರಂಗಿಯವರ ಗೋಲು ಕಾಯುವ ಎರಡನೆಯ ಗೋಲಿ ಮೈನೋದ್ದೀನ, ರಶೀದಾಬಿಯ ಒಬ್ಬನೇ ಮಗ, ಗೋಕಾಕದ ಇದೇ ಓಣಿಯ ಗಟಾರು ಹಾರಿ ಹಾರಿ ಜಿಗಿಯುವುದನ್ನು ಕಲಿತವನು. ಎರಡನೆಯ ಗೋಲಿ ಎಂದರೆ ಮೊದಲನೆಯವನಿಗೆ ಏನಾದರೂ ಆದರೆ ಆಡುವವನು. ಮೊದಲನೆಯವನಿಗೆ ಈ ವರ್ಷವೆಲ್ಲ ಏನೂ ಆಗಿರಲಿಲ್ಲ.

ಮಗನ ಆಟವನ್ನು ರಶೀದಾಬಿ ನೋಡುವುದಿಲ್ಲ. ನೋಡಿದರೆ ನಜರ್, ಕೆಟ್ಟ ದೃಷ್ಟಿ, ತಾಕುತ್ತದೆ, ಅದೂ ಪರರದಲ್ಲ, ತನ್ನದೇ. ಹನ್ನೊಂದು ವರ್ಷದ ಹಿಂದೆ ಹುಕ್ಕೇರಿಯ ಮೈದಾನದಲ್ಲಿ ತಾಲೂಕು ಮಟ್ಟದ ಆಟ ನಡೆದಾಗ ಹೋಗಿದ್ದಳು. ಎದುರಿಗೆ ಯಮಕನಮರಡಿಯ ಹುಡುಗರು. "ಮೈನೂ!" ಎಂದು ಇವಳು ಕೂಗಿದಳು, ಹನ್ನೆರಡು ವರ್ಷದ ಮೈನೂ ತಿರುಗಿ ಅಮ್ಮನನ್ನು ನೋಡಿ ಹಲ್ಲು ಕಿರಿದ, ಚೆಂಡು ಅವನ ಎರಡು ಕಾಲುಗಳ ನಡುವಿಂದ ಮನೆಯ ಬೆಕ್ಕಿನ ಹಾಗೆ ಒಳಗೆ ಹೋಯಿತು. ಇನ್ನೊಮ್ಮೆ ಮೂಡಲಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಮರೆಯಲ್ಲಿ ನಿಂತು ಒಂದೇ ಕಣ್ಣಿನಿಂದ ನೋಡಿದಳು, ಅದೇ ಗಳಿಗೆಗೆ ಅವನ ಬೆರಳು ಮುರಿಯಿತು. ಅಲ್ಲಿಗೆ ಮುಗಿಯಿತು. ಆಟದ ಕಾಯದೆಯನ್ನು ಕೂಡ ಅವಳು ತಿಳಿದುಕೊಳ್ಳಲಿಲ್ಲ, ತಿಳಿದರೂ ಅರ್ಧ ನೋಡಿದ ಹಾಗಾಗುತ್ತದೆಂದು. ಆದರೆ ಹುಕ್ಕೇರಿಯಲ್ಲಿ ಅವಳ ಪಕ್ಕದಲ್ಲಿ ಹದಿಮೂರರ ವಿಜಯಶ್ರೀ ಕೂತಿದ್ದಳು. "ಚಾಚಿ, ಒಮ್ಮಿ ಕೂಗ್ರಿ, ತಿರಗಿ ನೋಡ್ತಾನ" ಎಂದು ಹೇಳಿದವಳು ಅವಳೇ. ಅದನ್ನು ರಶೀದಾಬಿ ಮರೆತಿದ್ದಳು. ವಿಜಯಶ್ರೀ ಮರೆತಿರಲಿಲ್ಲ. ಒಬ್ಬ ತಾಯಿ ಹನ್ನೊಂದು ವರ್ಷ ಮಗನ ಆಟಕ್ಕೆ ಬೆನ್ನು ಹಾಕಿ ಕೂತದ್ದು ತನ್ನ ನಾಲಿಗೆಯ ಕೆಲಸ ಎಂಬುದು ಕೌದಿಯಲ್ಲಿ ಉಳಿದುಹೋದ ಸೂಜಿಯ ಹಾಗೆ ಆಗಾಗ ಚುಚ್ಚುತ್ತಿತ್ತು.

"ಈಗ?" ಎಂದಳು ರಶೀದಾಬಿ.

"ಕುಂತಾನ್ರಿ ಚಾಚಿ."

"ಹೂಂ." ಒಂದು ಹೊಲಿಗೆ.

ಈ ಹೂಂ ಕೂಡ ಒಂದು ಕರಾರು. ವಿಜಯಶ್ರೀಯ ಮೇಲವಂಕಿಯ ಅಜ್ಜಿ ಸುಂದ್ರವ್ವ ಕತೆ ಹೇಳುವಾಗ ಕೇಳುವವರು ಹೂಂ ಅನ್ನಲೇಬೇಕಿತ್ತು. ಹೂಂ ನಿಂತರೆ ಕತೆ ಅಲ್ಲೇ ನಿಂತುಬಿಡುತ್ತಿತ್ತು, ಕತೆಯೊಳಗಿನವರೂ ನಿಂತುಬಿಡುತ್ತಿದ್ದರು. ಒಂದು ಸಲ ವಿಜಯಶ್ರೀ ನಡುವೆಯೇ ನಿದ್ದೆ ಹೋದಾಗ ರಾಜನ ಮಗ ಘಟಪ್ರಭೆಯ ನಡುನೀರಿನಲ್ಲಿದ್ದ. ಬೆಳಿಗ್ಗೆ ಎದ್ದು ಗಾಬರಿಯಿಂದ ಕೇಳಿದರೆ ಅಜ್ಜಿ ರೊಟ್ಟಿ ಬಡಿಯುತ್ತ, "ನೀ ಹೂಂ ಅನ್ನಲಿಲ್ಲ, ಅಲ್ಲೇ ನಿಂತಾನ. ಥಂಡಿ ಬಾಳ ಐತಿ, ಪಾಪ" ಎಂದಿದ್ದಳು. ಆ ದಿನವೆಲ್ಲ ಅವಳಿಗೆ ಅನ್ನ ಸೇರಿರಲಿಲ್ಲ. ಅಜ್ಜಿ ಹೋಗಿ ಎರಡು ವರ್ಷವಾದ ಮೇಲೆ, ಮಗನ ಪಂದ್ಯವಿದ್ದಾಗೆಲ್ಲ ರಶೀದಾಬಿ ಹಿತ್ತಲಿಗೆ ಬಂದು ಬೆನ್ನು ತಿರುಗಿಸಿ ಕೂತು, "ನೀ ನೋಡಿ ಹೇಳ ಬೇಟಿ, ನಾ ಹೂಂ ಅಂತೇನಿ" ಎನ್ನತೊಡಗಿದ್ದಳು. ಕಾಮೆಂಟರಿಯವರ ಕಿರುಚಾಟ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆಂದು ಇಯರ್‌ಫೋನ್ ಕಡ್ಡಾಯ. ಅಂದರೆ ಪೂರ್ತಿ ಆಟ ವಿಜಯಶ್ರೀಯ ಬಾಯಲ್ಲಿ. ಅಂಥ ಬಾಯಿಗೆ ಇಂಥ ಕೆಲಸ.

"ಈಗ?"

"ಕುಂತಾನ್ರಿ."

"ಯಾವ ನಮೂನಿ ಕುಂತಾನ?"

"ಕಾಲ ಮ್ಯಾಲೆ ಕಾಲ ಹಾಕ್ಕೊಂಡು."

"ಹಿರೇರ ಮುಂದ ಹಂಗ ಕುಂಡ್ರಬ್ಯಾಡ ಅಂತ ಎಷ್ಟ ಸಲ ಹೇಳೇನಿ! ಹೂಂ."

ಹಳದಿಯಂಗಿಯವರು ಒಂದು ಗೋಲು ಹೊಡೆದರು, ಹೇಳಿದಳು. ಹಸಿರಂಗಿಯವರು ತಿರುಗಿ ಒಂದು ಹೊಡೆದರು, ಅದನ್ನೂ ಹೇಳಿದಳು. ಸೇರಿಸದೆ, ತೆಗೆಯದೆ, ಹೆಡ್ಮಾಸ್ತರರು ಕೇಳಿದ್ದರೆ ಪಗಾರ ಹೆಚ್ಚಿಸುತ್ತಿದ್ದರು. ಆದರೆ ರಶೀದಾಬಿಗೆ ಗೋಲುಗಳಿಂದ ಏನೂ ಆಗಬೇಕಿರಲಿಲ್ಲ. "ಅದೆಲ್ಲಾ ಇರ್ಲಿ. ಈಗ?" ಎಂದು ಮತ್ತೆ ಅದನ್ನೇ ಕೇಳುತ್ತಿದ್ದಳು. ಕುಂತಾನ್ರಿ, ಕುಂತಾನ್ರಿ ಎಂದು ಹೇಳಿ ಹೇಳಿ ವಿಜಯಶ್ರೀಗೆ ಅದು ಬೈಗುಳದ ಹಾಗೆ ಕೇಳತೊಡಗಿತು. ಓಣಿಯಲ್ಲೆಲ್ಲ ಮಗ ಫೈನಲ್ ಆಡುತ್ತಾನೆಂದು ಸಾರಿಬಂದಿದ್ದ ರಶೀದಾಬಿ ಕೊನೆಗೆ, "ಆಡಾಕ ಹ್ವಾದಾವ ಬರೇ ಕುಂತ್ರ ಏನ ಬಂತವಾ? ಕುಂಡ್ರಾಕ ನಮ್ಮ ಮನಿ ಕಟ್ಟಿ ಇದ್ದಿಲ್ಲೇನ?" ಎಂದಳು. ನಗುವಂತೆ ಹೇಳಿದಳು, ಆದರೆ ಆಮೇಲೆ ಹೂಂ ಬರಲಿಲ್ಲ. ಕೌದಿಯ ಮೇಲೆ ದಾರ ಎಳೆಯುವ ಸರ್ರೆಂಬ ಸದ್ದೂ ಬರಲಿಲ್ಲ. ಸೂಜಿ ನಿಂತಿತ್ತು. ವಿಜಯಶ್ರೀಗೆ ನಡುನೀರಿನಲ್ಲಿ ನಿಂತ ರಾಜನ ಮಗ ನೆನಪಾದ.

ಅಷ್ಟರಲ್ಲಿ ತೆರೆಯ ಅಂಚಿನಲ್ಲಿ ಮೈನೋದ್ದೀನ ಎದ್ದು ನಿಂತ.

"ಎದ್ದಾನ್ರಿ ಚಾಚಿ!"

"ಹೂಂ!"

ಎದ್ದದ್ದು ಖರೆ. ಆಡುವವನೊಬ್ಬನಿಗೆ ನೀರಿನ ಬಾಟಲಿ ಕೊಡಲು ಎದ್ದಿದ್ದ. ಕೊಟ್ಟು ಮತ್ತೆ ಕೂತ. ಆದರೆ ಆ ಹೂಂ ಎಂಥ ಹೂಂ! ಅದರ ಬೆನ್ನಿಗೆ ಸೂಜಿ ಸರ್ರಸರ್ರನೆ ಓಡತೊಡಗಿತ್ತು. ಓಡುವ ಸೂಜಿಯನ್ನು ನಿಲ್ಲಿಸಲು ವಿಜಯಶ್ರೀಯಿಂದ ಆಗಲಿಲ್ಲ. "ಅಂಗಿ ಹಾಕ್ಕೊಳ್ಳಾಕತ್ತಾನ್ರಿ, ಎಡದ ತೋಳು ಮೊದ್ಲ, ಬಲದ್ದು ಆಮ್ಯಾಲೆ" ಎಂದಳು. ಅಂಗಿ ಹಾಕಿಕೊಂಡವನು ಒಳಗೆ ಹೋಗಲೇಬೇಕಲ್ಲ, ಅವನು ಹೋಗಬೇಕಾದರೆ ಮೊದಲನೆಯ ಗೋಲಿ ಹೊರಗೆ ಬರಲೇಬೇಕಲ್ಲ. ಬೋಳುತಲೆಯ, ನಲವತ್ತರ ಹತ್ತಿರದ ಆ ಒಳ್ಳೆಯ ಮನುಷ್ಯನ ಕಾಲನ್ನು ವಿಜಯಶ್ರೀ ಮನಸ್ಸಿನಲ್ಲೇ ಕ್ಷಮೆ ಕೇಳಿ ಉಳುಕಿಸಿದಳು. ಆಮೇಲೆ ಎಲ್ಲ ಇಳಿಜಾರು. ಹುಣ್ಣಿಮೆಯ ಚಂದ್ರ ಕಿತ್ತುಕೊಂಡು ಬಂದಂಥ ಚೆಂಡು ಬಂತು, ಮೈನೂ ಗೋಕಾಕ ಫಾಲ್ಸಿನ ಬಂಡೆಯಿಂದ ಜಿಗಿದವನ ಹಾಗೆ ಜಿಗಿದು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡ. ಇಯರ್‌ಫೋನಿನಲ್ಲಿ ಯಾರೋ ಕಾರ್ನರ್ ಕಿಕ್ ಎನ್ನುತ್ತಿದ್ದರು, ವಿಜಯಶ್ರೀಯ ಬಾಯಲ್ಲಿ ಮೈನೂ ಗಾಳಿಯಲ್ಲಿ ಒಂದು ಕ್ಷಣ ನಿಂತು ಸುತ್ತ ನೋಡುತ್ತಿದ್ದ. "ನಿಂತಾ? ಗಾಳಿಯಾಗ?" ಎಂದಳು ರಶೀದಾಬಿ. "ನಿಂತಾನ್ರಿ." "ಹೂಂ. ನಿಂತಿರಬೇಕು. ಸಣ್ಣಾಂವ ಇದ್ದಾಗ ಗ್ವಾಡಿಯಿಂದ ಜಿಗಿದ್ರ ಲಗೂನ ಕೆಳಗ ಬರ್ತಿದ್ದಿಲ್ಲ." ಅಬ್ಬಾ, ಇಷ್ಟು ದಿನದಲ್ಲಿ ಅವಳ ಮಾತನ್ನು ಮೊದಲ ಬಾರಿಗೆ ಒಬ್ಬರು ಒಪ್ಪಿದ್ದರು.

ತೊಂಬತ್ತು ನಿಮಿಷ ಮುಗಿಯುವಾಗ ನಿಜದ ಆಟ ಒಂದಕ್ಕೊಂದು ಸಮ ಇತ್ತು. ವಿಜಯಶ್ರೀಯ ಆಟದಲ್ಲಿ ಹಸಿರಂಗಿಯವರು ಎರಡು ಹೊಡೆದು, ಕೊನೆಯ ಗಳಿಗೆಯಲ್ಲಿ ಮೈನೂ ಒಂದು ಹಿಡಿದು, ಗೆದ್ದುಬಿಟ್ಟಿದ್ದರು. ಬೇಗ ಮುಗಿಸಿಬಿಡೋಣ, ಇನ್ನೂ ಎಳೆದರೆ ಸಿಕ್ಕಿಬೀಳುತ್ತೇನೆ ಎಂದು ಮುಗಿಸಿದಳು. ರಶೀದಾಬಿ ಸೂಜಿ ಚುಚ್ಚಿಟ್ಟು, ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ ಅಲ್ಲಾಹನಿಗೆ ಏನೋ ಹೇಳಿ, ಕೌದಿಯ ಮಡಿಕೆಯೊಳಗಿಂದ ಒಂದು ಕಿಲೋ ಕರದಂಟಿನ ಡಬ್ಬಿ ತೆಗೆದಳು. ಬೆಳಿಗ್ಗೆಯೇ ತಂದು ಬಚ್ಚಿಟ್ಟಿದ್ದಳು! "ಚಾಚಿ, ತಡೀರಿ, ನಾಳಿ ಹಂಚೂಣ್ರಿ" ಎನ್ನುವುದರೊಳಗೆ ನಾಲ್ಕು ತುಂಡು ಇವಳ ಮಡಿಲಿಗೆ ಹಾಕಿ ಅಂಗಳ ದಾಟಿ ಹೋಗಿಬಿಟ್ಟಳು.

ವಿಜಯಶ್ರೀ ಒಬ್ಬಳೇ ಉಳಿದಳು, ಮುಗಿದ ಪಂದ್ಯವೂ ಮುಗಿಯದ ಪಂದ್ಯವೂ ಅವಳೊಬ್ಬಳ ಹತ್ತಿರ. ಓಣಿಯುದ್ದಕ್ಕೂ ಬಾಗಿಲುಗಳು ತೆರೆಯುವುದು, "ನಮ್ಮ ಮೈನೂ ಗೆದ್ದಾ, ತಗೋರಿ" ಎನ್ನುವುದು ಕೇಳುತ್ತಿತ್ತು. ಇನ್ನರ್ಧ ಗಂಟೆ ಆಟ ಬೆಳೆಸಿದ್ದರು. ಹಸಿರಂಗಿಯವರು ಇನ್ನೊಂದು ಹೊಡೆದು ಗೆದ್ದುಬಿಟ್ಟರೆ ಅರ್ಧ ಸುಳ್ಳು ಖರೆಯಾಗುತ್ತದೆ, ಉಳಿದರ್ಧವನ್ನು ಸಾವಕಾಶ ಹೇಳಿದರಾಯಿತು ಎಂದು ಲೆಕ್ಕ ಹಾಕಿದಳು. ಹೇಗೆ ಹೇಳುವುದು? ಚಾಚಿ, ಅವನು ನೀರು ಕೊಟ್ಟು ಕೂತ. ಚಾಚಿ, ಹುಕ್ಕೇರಿಯಲ್ಲಿ ಕೂಗಿರೆಂದವಳು ನಾನು. ಒಂದನ್ನು ಹೇಳಲು ಹೋದರೆ ಇನ್ನೊಂದೂ ಬಾಲ ಹಿಡಿದುಕೊಂಡು ಬರುತ್ತಿತ್ತು. ಯಾರೂ ಇನ್ನೊಂದು ಹೊಡೆಯಲಿಲ್ಲ. ಎರಡು ನಿಮಿಷ ಉಳಿದಿರುವಾಗ ಬೋಳುತಲೆಯ ಗೋಲಿ ಇದ್ದಕ್ಕಿದ್ದಂತೆ ತೊಡೆ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತ. ಒಂದು ತಾಸಿನ ಹಿಂದೆ ಅವನ ಕಾಲು ಉಳುಕಿಸಿದ್ದವಳು ವಿಜಯಶ್ರೀಯೇ. ಅದೀಗ ಅಲ್ಲಿಗೆ ಹೋಗಿ ಮುಟ್ಟಿತೇ? ಅವನನ್ನು ಇಬ್ಬರು ಹಿಡಿದು ಹೊರಗೆ ತಂದರು. ಬೆಂಚಿನಿಂದ ಒಬ್ಬ ಎದ್ದ, ಅಂಗಿ ಹಾಕಿಕೊಂಡ. ಅವಳು ಹೇಳಿದ್ದ ಅದೇ ಕ್ರಮದಲ್ಲಿ, ಎಡದ ತೋಳು ಮೊದಲು, ಬಲದ ತೋಳು ಆಮೇಲೆ. ಮೈನೋದ್ದೀನ ಮೈದಾನದೊಳಗೆ ಓಡಿದ. ಸೀಟಿ ಬಿತ್ತು. ಸಮ. ಇನ್ನು ಐದೈದು ಪೆನಾಲ್ಟಿ; ಗೋಲಿ ಒಬ್ಬನೇ, ಎದುರಿಗೆ ಒದೆಯುವವನೊಬ್ಬ.

ಬಾಗಿಲಲ್ಲಿ ಟೇಲರ್ ಕೇದಾರಿ ಕಾಕಾ ಕಾಣಿಸಿಕೊಂಡ. ತನ್ನ ಅಂಗಡಿಯ ಟಿವಿಯಲ್ಲಿ ಆಟ ಹಚ್ಚಿದ್ದವನು ಗಾಬರಿಯಿಂದ ಓಡಿಬಂದಿದ್ದ, ಆದರೆ ಬಾಯ ತುಂಬ ಕರದಂಟು. ಕರದಂಟಿನ ಅಂಟು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಹೊಲಿದುಬಿಟ್ಟಿತ್ತು. "ಮ್... ಮುಗ್... ಮ್ಮ್!" ಎಂದು ಅಳತೆಯ ಟೇಪನ್ನು ಎರಡೂ ಕೈಯಿಂದ ಬೀಸಿದ. ಇನ್ನೂ ಮುಗಿದಿಲ್ಲ ಎಂಬುದು ಅದರ ಅರ್ಥ. "ಗೊತ್ತೈತ್ರಿ ಕಾಕಾ" ಎಂದು ವಿಜಯಶ್ರೀ ಪಿಸುಗುಟ್ಟುವಷ್ಟರಲ್ಲಿ ಅವನ ಹಿಂದೆಯೇ ರಶೀದಾಬಿ, ಖಾಲಿ ಡಬ್ಬಿ ಬಗಲಲ್ಲಿ ಇಟ್ಟುಕೊಂಡು, ಮುಖದ ತುಂಬ ದೀಪ ಹಚ್ಚಿಕೊಂಡು ಬಂದಳು.

"ಇನ್ನೂ ಹಚ್ಚೀಯಲ್ಲ? ಮುಗೀತು ಅಂದಿದ್ದಿ?"

"ಮುಗದೈತ್ರಿ... ಇದು... ಗೆದ್ದ ಮ್ಯಾಲಿಂದು."

"ಗೆದ್ದ ಮ್ಯಾಲ ಮತ್ತೇನ?"

"ಶಾಸ್ತ್ರರಿ" ಎಂದುಬಿಟ್ಟಳು ವಿಜಯಶ್ರೀ. "ಐದೈದು ಚೆಂಡು ಒದೀತಾರ್ರಿ. ಲೆಕ್ಕಕ್ಕಿಲ್ಲ."

ಕೇದಾರಿ ಕಾಕಾನ ಕಣ್ಣು ಹೊರಗೆ ಬಂದವು. "ಲಗ್ನ ಆದ ಮ್ಯಾಲ ನಿಮ್ಮವರು ನೀರಿನ ಕೊಡದಾಗ ಉಂಗುರ ಹುಡಕಸ್ತಾರಲ್ಲ, ಹಂಗ?" ಎಂದಳು ರಶೀದಾಬಿ. "ಹಂಗಽ ನೋಡ್ರಿ." "ಹಂಗಾದ್ರ ಇದನ್ನ ನಾ ನೋಡಿದ್ರ ಏನೂ ಆಗಂಗಿಲ್ಲ?" ವಿಜಯಶ್ರೀ ಆಗತೈತ್ರಿ ಎನ್ನಬೇಕಿತ್ತು, ನೋಡಬ್ಯಾಡ್ರಿ, ಇದೇ ಖರೆ ಆಟ ಎನ್ನಬೇಕಿತ್ತು. ಆದರೆ ಆ ಮುಖ ನೋಡಿ, "ಏನ ಆಗತೈತ್ರಿ? ಬರ್ರಿ" ಎಂದು ಸರಿದು ಜಾಗ ಮಾಡಿದಳು. ಕಾಕಾನ ಹಲ್ಲು ಬಿಡಿಸಿಕೊಂಡು, "ಇದಽ..." ಎಂಬ ಒಂದು ಶಬ್ದ ಹೊರಬಂತು. ಅವಳು ಮಡಿಲಿನಿಂದ ಇನ್ನೊಂದು ತುಂಡು ತೆಗೆದು ಅವನ ಬಾಯಿಗೆ ಇಟ್ಟಳು.

ಹನ್ನೊಂದು ವರ್ಷದ ಮೇಲೆ ರಶೀದಾಬಿ ಮಗನನ್ನು ಗೋಲಿನಲ್ಲಿ ನೋಡಿದಳು. ಅಂಗೈಯಗಲದ ತೆರೆಯಲ್ಲಿ ಕಡಲೆಕಾಳಿನಷ್ಟು ಮಗ. "ಎಷ್ಟ ಸಣ್ಣಾಗ್ಯಾನ" ಎಂದಳು ಮೊದಲು. ಆಮೇಲೆ ತೆರೆಯಲ್ಲಿ ಅವನ ಮುಖ ದೊಡ್ಡದಾಗಿ ಬಂದಾಗ, "ಗಡ್ಡ ಯಾಕ ಬಿಟ್ಟಾನ ಈ ಹುಚ್ಚಪ್ಪ?" ಎಂದಳು. ಮೊದಲ ಚೆಂಡು ಅವನನ್ನು ದಾಟಿ ಒಳಗೆ ಹೋಯಿತು. ವಿಜಯಶ್ರೀ ತುಟಿ ಕಚ್ಚಿದಳು. ರಶೀದಾಬಿ ನಕ್ಕಳು. ಎರಡನೆಯದಕ್ಕೆ ಅವನು ಬಲಕ್ಕೆ ಚಾಚಿ ಬಿದ್ದು, ಬೆರಳ ತುದಿಯಿಂದ ಚೆಂಡನ್ನು ತಳ್ಳಿಹಾಕಿದ. ಒಂದು ಕಾಲದಲ್ಲಿ ಮುರಿದಿದ್ದ ಬೆರಳೇ ಇರಬೇಕು. "ನೋಡ್, ಸ್ನಾನಕ್ಕ ಕರದ್ರ ಹಿಂಗಽ ಉಳ್ಳಾಡ್ತಿದ್ದ!" ಎಂದು ರಶೀದಾಬಿ ವಿಜಯಶ್ರೀಯ ತೊಡೆ ಬಡಿದಳು. ಅಷ್ಟು ನಿರಾಳವಾಗಿ ದೇಶದಲ್ಲಿ ಬೇರೆ ಯಾರೂ ಆ ಹೊತ್ತಿಗೆ ಆ ಆಟವನ್ನು ನೋಡುತ್ತಿರಲಿಲ್ಲ. ಎಂಬತ್ತು ಸಾವಿರ ಜನ ಮೈದಾನದಲ್ಲಿ ಉಸಿರು ಕಟ್ಟಿ ನಿಂತಿದ್ದರು, ಇವಳು ಮಗನ ಎಡಗಾಲಿನ ಕಾಲುಚೀಲ ಜಾರಿದೆಯೆಂದು, ನಡಿಗೆ ಅವರಪ್ಪನದೇ ಎಂದು, ತುಟಿ ನೆಕ್ಕುವ ಚಟ ಇನ್ನೂ ಬಿಟ್ಟಿಲ್ಲವೆಂದು ಒಂದೊಂದೇ ಹೆಕ್ಕಿ ಕೂಡಿಸಿಕೊಳ್ಳುತ್ತಿದ್ದಳು. ಅವಳು ಬಿಟ್ಟ ಭಯವೆಲ್ಲ ವಿಜಯಶ್ರೀಯ ಪಾಲಿಗೆ ಬಂದಿತ್ತು. ನಜರ್ ಎಂಬುದು ಇದ್ದರೆ? ಸೋತ ಮೇಲೆ, ನೀನು ನೋಡಿದ್ದೇ ಖರೆ ಆಟವೆಂದು ಯಾರಾದರೂ ಹೇಳಿದರೆ? ಈ ಹೆಂಗಸು ಮತ್ತೆ ಎಂದಾದರೂ ಮಗನ ಕಡೆ ಕಣ್ಣೆತ್ತುತ್ತಾಳೆಯೇ?

ಹಸಿರಂಗಿಯವರೂ ಒಂದನ್ನು ಹೊರಗೆ ಒದ್ದರು; ಮೂರಾಯಿತು, ನಾಲ್ಕಾಯಿತು, ಸಮ ಸಮ. ಹಸಿರಂಗಿಯವರ ಐದನೆಯದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಹಳದಿಯಂಗಿಯವರಿಗೆ ಒಂದು ಉಳಿದಿತ್ತು. ಒಳಗೆ ಹೋದರೆ ಕಪ್ಪು ಅವರದು. ವಿಜಯಶ್ರೀ ಕಿವಿಯಿಂದ ಇಯರ್‌ಫೋನ್ ಕಿತ್ತುಹಾಕಿ ಗೋಡೆಯ ಕಡೆ ತಿರುಗಿದಳು.

"ಯಾಕವಾ?"

"ಕಣ್ಣಾಗ ಏನೋ ಬಿತ್ರಿ ಚಾಚಿ. ನೀವಽ ಹೇಳ್ರಿ."

"ನಾ ಏನ ಹೇಳಲಿ, ನನಗ ಬರಂಗಿಲ್ಲ" ಎಂದು ನಾಚಿಕೊಂಡೇ ರಶೀದಾಬಿ ಶುರು ಮಾಡಿದಳು. "ಆ ಹಳದಿ ಹುಡುಗ ಬಂದಾ."

"ಹೂಂ."

"ಚೆಂಡು ಇಟ್ಟಾ. ಮತ್ತ ತಗದು ಮತ್ತ ಇಟ್ಟಾ. ಕೈ ನಡಗಾಕತ್ತಾವ ಅವಂದು, ಪಾಪ, ಮೀಸಿ ಸುದ್ದಾ ಬಂದಿಲ್ಲ."

"ಹೂಂ."

"ನಮ್ಮಾಂವ ಅವನ್ನಽ ನೋಡಾಕತ್ತಾನ. ಕೆಟ್ಟ ಮಾರಿ ಮಾಡಿಲ್ಲ, ಛಲೋ ನೋಡಾಕತ್ತಾನ."

"ಹೂಂ."

ಗೋಡೆಯ ಸುಣ್ಣದಲ್ಲಿ ಒಂದು ಬಿರುಕಿತ್ತು, ಹೊಳೆಯ ಹಾಗೆ. ವಿಜಯಶ್ರೀ ಅದನ್ನೇ ನೋಡುತ್ತಿದ್ದಳು.

"ಬಿಟ್ಟಕೊಟ್ಟಾ" ಎಂದಳು ರಶೀದಾಬಿ.

ವಿಜಯಶ್ರೀಗೆ ಹೂಂ ಬರಲಿಲ್ಲ.

"ಅಲ್ಲವಾ, ತಾ ಗೆದ್ದಾನಲ್ಲ? ಆ ಹುಡುಗ ಅಳಾಕ ಬಂದಿದ್ದ. ಅದಕ್ಕ ಕಡೀದು ಅವಂಗ ಬಿಟ್ಟಾ. ಬೇಕಂತಽ ಆ ಕಡಿ ಬಿದ್ದಾ, ನಾ ನೋಡಿದೆ. ಈಗ ನೋಡ, ಸೋತರೂ ಹೆಂಗ ಕುಣಿಯಾಕತ್ತಾರ ಅವ್ರು! ನಮ್ಮಾಂವ ದಣದು ಹುಲ್ಲಿನ ಮ್ಯಾಲೆ ಬೋರಲ ಮಕ್ಕೊಂಡಾನ."

ಹೇಳಬೇಕು, ಈಗಲೇ, ಎಂದುಕೊಂಡಳು ವಿಜಯಶ್ರೀ. ತಿರುಗಿ, "ಚಾಚಿ..." ಎಂದಳು. ಬಾಗಿಲಲ್ಲಿ ಕೇದಾರಿ ಕಾಕಾ ಗಟ್ಟಿಯಾಗಿ ನುಂಗಿದ ಸದ್ದಾಯಿತು, ಅವನ ಬಾಯಿ ಕೊನೆಗೂ ಖಾಲಿಯಾಗಿತ್ತು. ಇಬ್ಬರಲ್ಲಿ ಯಾರು ಮೊದಲು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಹಾಗೆ ನೋಡಿಕೊಳ್ಳುವುದರಲ್ಲೇ ಹೊತ್ತು ಹೋಯಿತು. ರಶೀದಾಬಿ ಮಾತ್ರ ಮತ್ತೆ ಕೌದಿ ಎಳೆದುಕೊಂಡು, ಮಗ ಏಳುವುದನ್ನೂ, ಬೋಳುತಲೆಯವನು ಕುಂಟುತ್ತ ಬಂದು ಅವನನ್ನು ಅಪ್ಪಿಕೊಳ್ಳುವುದನ್ನೂ, ಇಬ್ಬರೂ ಅಳುವುದನ್ನೂ, "ಖುಷಿಗೆ" ಎಂದು ಸೇರಿಸಿ ಹೇಳುತ್ತಲೇ ಇದ್ದಳು. ಕಾಲು ತಾಸಿನ ಮೇಲೆ ಅವಳ ಸಣ್ಣ ಫೋನು ಬಡಿದುಕೊಂಡಿತು.

ಮನೆಯೊಳಗೆ ರಶೀದಾಬಿ ಮಗನ ಜೊತೆ ಉರ್ದುವಿನಲ್ಲೇ ಮಾತಾಡುವವಳು. ಓಣಿಗೆ ಕೇಳಿಸಬೇಕಾದ ಮಾತಿದ್ದರೆ ಮಾತ್ರ ಕನ್ನಡ. ಈಗ ಕನ್ನಡದಲ್ಲಿ, ಸ್ಪೀಕರ್ ಹಚ್ಚಿ, ಅವನಿಗೆ ಬಾಯಿ ತೆರೆಯಲೂ ಬಿಡದೆ ಶುರು ಮಾಡಿದಳು. "ಮೈನೂ! ನೋಡಿದ್ನೋ! ಎಲ್ಲಾ ನೋಡಿದೆ!"

ಆ ಕಡೆಯಿಂದ ಮೆಲ್ಲಗಿನ ಒಂದು ದನಿ. "ಅಮ್ಮೀ... ನೀ ನೋಡಿದೇನ?"

"ಕಣ್ಣ ಮಿಟಕಸಲಿಲ್ಲ. ನೀ ಬಲಕ್ಕ ಬಿದ್ದಿದ್ದೇನು, ಆ ಚೆಂಡು ತಳ್ಳಿದ್ದೇನು! ಕಾಲಚೀಲ ಏರಸಬೇಕೋ ಹುಚ್ಚಪ್ಪ. ಮತ್ತ ಕಡೀಕ ಆ ಸಣ್ಣ ಹುಡುಗಗ ಒಂದು ಬಿಟ್ಟಕೊಟ್ಟಿ ನೋಡ, ಅದು ನನಗ ಬಾಳ ಛಲೋ ಅನಿಸ್ತು. ಗೆದ್ದ ಮ್ಯಾಲೆ ಒಂದು ಬಿಡಬೇಕು. ಬೇಕಂತಽ ಬಿಟ್ಟಿ, ಹೌದಲ್ಲ?"

ಫೋನಿನಲ್ಲಿ ದೂರದ ಯಾರದೋ ಪಟಾಕಿ, ಯಾರದೋ ಜೈಕಾರ, ಬಾಗಿಲು ಬಡಿದುಕೊಂಡದ್ದು ಕೇಳಿಸಿತು. ಸೂಜಿ ಕೌದಿಯ ಮೇಲೆ ನಿಂತಿತ್ತು. ಎಷ್ಟೋ ಹೊತ್ತು, ನಡುನೀರಿನಲ್ಲಿ ನಿಂತ ಹಾಗೆ, ಏನೂ ಬರಲಿಲ್ಲ.

ಆಮೇಲೆ ಬಂತು.

"ಹೂಂ."

ಸರ್ರೆಂದು ದಾರ ಓಡಿತು. "ಮುಂದಿನ ಆಟ ಯಾವಾಗೈತಿ ಹೇಳ," ಎಂದಳು ರಶೀದಾಬಿ, "ಇನ್ನ ಮ್ಯಾಲೆ ನಾನಽ ನೋಡಾಕಿ." ಬಾಗಿಲಲ್ಲಿ ನಿಂತಿದ್ದ ಕೇದಾರಿ ಕಾಕಾ ಟೇಪನ್ನು ಕೊರಳಿಗೆ ಹಾಕಿಕೊಂಡು ವಿಜಯಶ್ರೀಯ ಹತ್ತಿರ ಬಂದ. ಅವನ ಬಾಯಿ ಪೂರಾ ಬಿಡುವಾಗಿತ್ತು. ಅವನು ಅಂಗೈ ಚಾಚಿದ.

"ಇನ್ನೊಂದ ತುಂಡ ಕೊಡ ತಂಗಿ," ಎಂದ, "ದೊಡ್ಡದು."